ಪ್ರಕರಿಯ ನಟ ಎ. ಕೆ. ಹಂಗಲ್

ಹಂಗಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸು ಧಾರವಾಡದ ಕಡೆಗೆ ಹರಿಯುವುದು ಸಹಜ. ಗಂಗೂಬಾಯಿಯವರ ಹೆಸರಿನೊಡನೆ ಬೆಸೆದುಕೊಂಡಿರುವ ನಮ್ಮ ಹಾನಗಲ್ಲನ್ನೂ ಈ ನಟರ ಮನೆತನದ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಯುವ ಅಕ್ಷರಗಳು ಒಂದೇ. ಆದ್ದರಿಂದ ಹಿಂದಿ ಚಿತ್ರಗಳಲ್ಲಿ ಮುದುಕರ ಪಾತ್ರ ವಹಿಸುತ್ತಿದ್ದ ಎ. ಕೆ. ಹಂಗಲ್ ಅವರನ್ನು ನಮ್ಮ ಕಡೆಯವರೇ ಎಂದು ನಂಬಿಕೊಂಡವರು ಅನೇಕರಿದ್ದಾರೆ. ಅವತಾರ ಕಿಶನ್ ಹಂಗಲ್ ಅವರು ಕಾಶ್ಮೀರಿ ಪಂಡಿತರ ಮನೆತನಕ್ಕೆ ಸೇರಿದವರು, ಬೆಳೆದದ್ದು ಪೇಶಾವರದಲ್ಲಿ. ಹೆಸರಿನ ನೆಂಟಸ್ತನ ಇಷ್ಟಕ್ಕೇ ಮುಗಿಯಿತು. ಆದರೆ ಬೇರೆ ಎರಡು ಕಾರಣಗಳಿಂದ ಅವರಿಗೂ ಕನ್ನಡನಾಡಿಗೂ ನಂಟು ಬೆಳೆದದ್ದುಂಟು. ಅದನ್ನು ಮುಂದೆ ಹೇಳುತ್ತೇನೆ.

ಹಂಗಲ್ ಅವರು ೨೦೧೨ರ ಆಗಸ್ಟ್ ೨೬ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಬಂದ ಬರೆಹಗಳಲ್ಲೆಲ್ಲ ಒಂದೇ ಚಿತ್ರ ಕಾಣುತ್ತಿತ್ತು: ನರೆತ ಕೂದಲು, ಬಾಗಿದ ಬೆನ್ನು, ನಡುಗುವ ದನಿ, ಯಾವಾಗಲೂ ಮೋಸಹೋಗುವ ಸಾಧು ಮುದುಕ. ಈಚೆಗೆ ಆ ಚಿತ್ರ ನಗೆಯ ವಸ್ತುವೂ ಆಗಿದೆ. ‘ಶೋಲೆ’ಯಲ್ಲಿ ಅವರಾಡುವ ಒಂದು ಮಾತನ್ನು ಹರಟೆಯ ನಡುವೆ ಎಲ್ಲರೂ ಸುಮ್ಮನಾದಾಗ ಅಣಕಿಸುವುದು ಒಂದು ರೂಢಿಯೇ ಆಗಿಹೋಗಿದೆ. ‘ಪಾಪದ ಮುದುಕ’ ಎಂಬ ಈ ತೀರ್ಪು ಸರಿಯೆ ಎಂಬುದು ನಾನು ಎತ್ತಿಕೊಂಡಿರುವ ಪ್ರಶ್ನೆ. ಅವರ ಒಳ್ಳೆಯ ಪಾತ್ರಗಳನ್ನು ಮತ್ತೆ ನೋಡಿದಾಗ ನನಗೆ ಎದ್ದು ಕಂಡದ್ದು ಮರ್ಯಾದೆ. ಬಡವನಾದರೂ ಯಾರ ಮುಂದೆಯೂ ಕೈಯೊಡ್ಡದ ಮನುಷ್ಯನ ಮರ್ಯಾದೆ. ಕರುಣೆ ಅದರ ಹಿಂದಿನಿಂದ ಬರುತ್ತದೆ. ನಾವು ಹಿಂದಿನದನ್ನು ಕಂಡು ಮುಂದಿನದನ್ನು ಮರೆತಿದ್ದೇವೆ.

ಮಾತು ಸ್ಪಷ್ಟವಾಗಬೇಕಾದರೆ ನಮ್ಮ ಲಕ್ಷಣಗ್ರಂಥಗಳ ಒಂದು ಪದವನ್ನು ನೆನೆಯಬೇಕು. ನಾಟಕದ ಅರ್ಥಪ್ರಕೃತಿಗಳು ಐದು: ಬೀಜ, ಬಿಂದು, ಪತಾಕೆ, ಪ್ರಕರಿ, ಕಾರ್ಯ. ಮುಖ್ಯ ಕಥೆಯ ಜೊತೆಯಲ್ಲಿ ಬಹುದೂರ ಸಾಗಿಬರುವ ಉಪಕಥೆ ಪತಾಕೆ, ಸುಗ್ರೀವನದು ಅಂಥದು. ಒಂದು ಗಳಿಗೆ ಮಾತ್ರ ಕಾಣಿಸಿಕೊಂಡು ಮರೆಯಾಗುವ ಪ್ರಸಂಗ ಪ್ರಕರಿ. ಅದಕ್ಕೆ ಜಟಾಯುವಿನ ಪ್ರಸಂಗವನ್ನು ಉದಾಹರಿಸುತ್ತಾರೆ. ಪ್ರಕರಿಯ ಪಾತ್ರಕ್ಕೆ ತನ್ನದೇ ಆದ ಬೇರೆ ಫಲವಿಲ್ಲ ಎಂಬುದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನ ಮಾತಿನ ಸಾರ. ಜಟಾಯು ಕಾದಿದ್ದು ತನಗಾಗಿ ಅಲ್ಲ. ರೆಕ್ಕೆ ಕಳೆದುಕೊಂಡು ಬಿದ್ದಾಗಲೂ ರಾಮನಿಗೆ ದಾರಿ ತೋರಿಸುವಷ್ಟು ಮಾತ್ರ ಉಸಿರನ್ನು ಉಳಿಸಿಕೊಂಡ. ಆದರೆ ಆ ಮುದಿ ಹಕ್ಕಿ ಇಲ್ಲದಿದ್ದರೆ ರಾಮಾಯಣ ಮುಂದೆ ಸಾಗುವುದಿಲ್ಲ. ತರಗತಿಯಲ್ಲಿ ಈ ಭಾಗವನ್ನು ಪಾಠ ಹೇಳುವಾಗ, ಇಂದಿನ ಹುಡುಗರಿಗೆ ತಿಳಿಯುವ ಉದಾಹರಣೆಯೊಂದು ಬೇಕೆನಿಸಿದಾಗಲೆಲ್ಲ ನನಗೆ ಹೊಳೆಯುವುದು ಹಂಗಲ್ ಅವರ ಹೆಸರು. ನಾವು ಇಂಥ ನಟರನ್ನು ‘ಪೋಷಕ ನಟ’ರೆಂದು ಕರೆಯುತ್ತೇವೆ. ಪದ ಬಹಳ ಚೆನ್ನಾಗಿದೆ. ಪೋಷಿಸುವವನು ತಾನು ಉಣ್ಣುವುದಕ್ಕಿಂತ ಹೆಚ್ಚಾಗಿ ಬಡಿಸುತ್ತಾನೆ.

ಇಂಥ ಪಾತ್ರಗಳಿಗೆ ಬೇಕಾದ ಸಾಮಗ್ರಿ ಅವರಿಗೆ ಎಲ್ಲಿಂದ ದೊರೆಯಿತು? ಅವರ ಬಾಳಿನಿಂದ ಎನ್ನಬೇಕು. ಹಂಗಲ್ ಅವರ ಬಂಧುವರ್ಗದಲ್ಲಿ ಬ್ರಿಟಿಷ್ ಸರಕಾರದ ನೌಕರಿ ಸಾಮಾನ್ಯವಾಗಿತ್ತು. ಅವರೂ ಆ ದಾರಿ ಹಿಡಿದಿದ್ದರೆ ಒಬ್ಬ ಅಧಿಕಾರಿಯಾಗಿ ನಿವೃತ್ತಿ ಹೊಂದುತ್ತಿದ್ದರು. ಆದರೆ ಅವರು ಬೆಳೆದ ಪೇಶಾವರ ಎಂಥದು! ೧೯೩೦ರ ಏಪ್ರಿಲಿನಲ್ಲಿ ಅಲ್ಲಿಯ ಕಿಸ್ಸಾಖ್ವಾನಿ ಬಜಾರಿನಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿತು. ಗಢವಾಲಿ ಸಿಪಾಯಿಗಳು ತಮ್ಮ ಜನರ ಮೇಲೆ ಬಂದೂಕೆತ್ತಲು ಒಪ್ಪದೆ ಶಿಕ್ಷೆಗೆ ಗುರಿಯಾದರು. ಖಾನ್ ಅಬ್ದುಲ್ ಗಫಾರ್ ಖಾನರ ಕೆಂಪಂಗಿಯ ಸ್ವಯಂಸೇವಕರು ಓಡಾಡುತ್ತಿದ್ದ ಬೀದಿಗಳವು. ಅಂಥ ಊರಿನಲ್ಲಿ ಹದಿಹರೆಯವನ್ನು ಕಳೆದ ಯುವಕ ಸರಕಾರದ ಚಾಕರಿಯನ್ನು ಒಲ್ಲೆನೆಂದು ಕತ್ತರಿ, ಸೂಜಿ ಹಿಡಿದು ದರ್ಜಿಯಾದ. ಮೇಲುಜಾತಿಯ, ಉದ್ಯೋಗಸ್ಥರ ಮನೆಯ ಹುಡುಗನೊಬ್ಬ ಆ ಕಾಲದಲ್ಲಿ ಬಟ್ಟೆ ಹೊಲಿಯುವ ಕಸುಬನ್ನು ತಾನಾಗಿ ಆರಿಸಿಕೊಂಡದ್ದು ಎಷ್ಟು ದೊಡ್ಡ ಮಾತೆಂಬುದನ್ನು ನಮ್ಮ ಮಧ್ಯಮವರ್ಗದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೧೯೩೬ರಲ್ಲಿ ಅಲ್ಲಿಯ ‘ಶ್ರೀ ಸಂಗೀತ ಪ್ರಿಯ ಮಂಡಲ’ವೆಂಬ ನಾಟಕ ಸಂಸ್ಥೆಯನ್ನು ಸೇರಿ ಅವರು ಬಣ್ಣ ಹಚ್ಚಿದರು.

ಮುಂದೆ ಕರಾಚಿ. ಅಲ್ಲಿ ಹೊಲಿಗೆ, ನಾಟಕ, ಕಮ್ಯುನಿಸ್ಟ್ ಚಳವಳಿ ಮೂರೂ ಒಟ್ಟಿಗೆ ನಡೆದವು. ದೇಶ ಒಡೆದಾಗ ಅವರು ಕೂಡಲೇ ಊರು ಬಿಡಲಿಲ್ಲ. ಹೊಸದಾಗಿ ಹುಟ್ಟಿದ ಪಾಕಿಸ್ತಾನದ ಸರಕಾರ ಅವರನ್ನು ಸೆರೆಮನೆಗೆ ಕಳುಹಿಸಿತು. ಬಿಡುಗಡೆಯಾಗಿ ೧೯೪೯ರಲ್ಲಿ ಅವರು ಮುಂಬಯಿಗೆ ಬಂದಾಗ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗಿತ್ತು. ಮತ್ತೆ ಹೊಲಿಗೆಯ ಕೆಲಸ. ಸಂಜೆ ಇಪ್ಟಾ, ಎಂದರೆ ಭಾರತೀಯ ಜನನಾಟ್ಯ ಸಂಘ. ಬಲರಾಜ್ ಸಾಹನಿ, ಕೈಫಿ ಆಜ್ಮಿ ಮೊದಲಾದವರ ಒಡನಾಟ ಅಲ್ಲಿ ದೊರೆಯಿತು. ೧೯೪೩ರಲ್ಲಿ ಹುಟ್ಟಿ, ನಡುವೆ ಸೊರಗಿದ್ದ ಆ ಸಂಘಕ್ಕೆ ಮುಂಬಯಿಯಲ್ಲಿ ಮತ್ತೆ ಜೀವ ತುಂಬಿದವರಲ್ಲಿ ಹಂಗಲ್ ಒಬ್ಬರು. ಸಂಘದ ಸಂಬಂಧವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಇಳಿವಯಸ್ಸಿನಲ್ಲಿ ಅದರ ಅಧ್ಯಕ್ಷರೂ ಆಗಿದ್ದರು.

ಬಾಸು ಭಟ್ಟಾಚಾರ್ಯರ ‘ತೀಸ್ರೀ ಕಸಂ’ ೧೯೬೬ರಲ್ಲಿ ತೆರೆಗೆ ಬಂದಾಗ ಹಂಗಲ್ ಅವರಿಗೆ ವಯಸ್ಸು ಐವತ್ತರ ಆಸುಪಾಸು. ರಾಜ್ ಕಪೂರ್ ವಹಿಸಿದ ಗಾಡಿಯಾಳು ಹೀರಾಮನನ ಅಣ್ಣನ ಸಣ್ಣ ಪಾತ್ರ ಅವರದು. ಇತರರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಈ ಮನುಷ್ಯ ಹೊಸ ಕಸುಬನ್ನು ಹಿಡಿದರು. ಇದರಿಂದ ಒಂದು ಲಾಭವೂ ಒಂದು ನಷ್ಟವೂ ಆಯಿತು. ಚಿತ್ರರಂಗಕ್ಕೆ ಯೌವನದ ಹಂಗಲ್ ಸಿಗಲೇ ಇಲ್ಲ. ಅದು ಕಂಡದ್ದು ಅವರ ನರೆಯನ್ನು ಮಾತ್ರ. ಇದು ನಷ್ಟ. ಮೂವತ್ತು ವರ್ಷ ರಂಗಭೂಮಿ, ಸೆರೆಮನೆ, ಕಾರ್ಮಿಕರ ಸಭೆ, ಗಿರಾಕಿಗಳ ಅಳತೆ ಇವುಗಳ ನಡುವೆ ಬಾಳಿದ ಒಂದು ಮುಖ, ಯಾವ ಬಣ್ಣದ ನೆರವೂ ಇಲ್ಲದೆ, ಸಿದ್ಧವಾಗಿ ಕ್ಯಾಮೆರಾದ ಮುಂದೆ ಬಂದು ನಿಂತಿತು. ಇದು ಲಾಭ.

ಈ ಮುಖವನ್ನು ಮೊದಲು ಸರಿಯಾಗಿ ಬಳಸಿಕೊಂಡವರು ಹೃಷೀಕೇಶ ಮುಖರ್ಜಿ. ‘ಗುಡ್ಡಿ’ಯಲ್ಲಿ (೧೯೭೧) ಸಿನಿಮಾ ಹುಚ್ಚಿನ ಹುಡುಗಿಯ ತಂದೆ, ‘ಅಭಿಮಾನ್’ನಲ್ಲಿ (೧೯೭೩) ಸಂಗೀತ ಬಲ್ಲ ಹೆಣ್ಣುಮಗಳ ತಂದೆ. ಎರಡು ಚಿತ್ರಗಳಲ್ಲೂ ಮಗಳು ಜಯಾ ಭಾದುರಿ. ಹಿಂದಿ ಚಿತ್ರದ ತಂದೆಯೆಂದರೆ ಅದಕ್ಕೆ ಮುಂಚೆ ಎರಡೇ ಬಗೆ: ಪೈಪು ಬಾಯಲ್ಲಿಟ್ಟು ಮಹಡಿಯ ಮೆಟ್ಟಿಲಿಳಿದು ಬರುವ ಸಿರಿವಂತ, ಇಲ್ಲವೆ ಪೇಟವನ್ನು ಬೀಗರ ಕಾಲ ಬಳಿ ಇಟ್ಟು ಗೋಳಿಡುವ ಬಡವ. ನಜೀರ್ ಹುಸೇನರಂಥ ಸಮರ್ಥ ನಟರು ಎರಡನೆಯ ಬಗೆಯಲ್ಲಿ ಪ್ರೇಕ್ಷಕರ ಕಣ್ಣೀರನ್ನು ಹೊಳೆಯಾಗಿ ಹರಿಸಿದ್ದರು. ಹಂಗಲ್ ಅವರ ತಂದೆ ಬೇರೆ. ಮಗಳ ಮಾತನ್ನು ಅವನು ಕಿವಿಗೊಟ್ಟು ಕೇಳುತ್ತಾನೆ. ಸಂಬಳದಲ್ಲಿ ತಿಂಗಳನ್ನು ತೂಗಿಸುವ ಮನೆಯವನೆಂಬುದು ಅವನ ಅಂಗಿಯ ಮಡಿಕೆಯಿಂದಲೇ ತಿಳಿಯುತ್ತದೆ. ಅಳು ಬಂದರೆ ಮುಖ ತಿರುಗಿಸಿಕೊಳ್ಳುತ್ತಾನೆ. ನಮ್ಮ ಕೆ. ಎಸ್. ಅಶ್ವತ್ಥ್ ಅವರನ್ನು ಬಲ್ಲ ಕನ್ನಡ ಪ್ರೇಕ್ಷಕನಿಗೆ ಈ ಸಂಯಮ ಹೊಸದೆನಿಸುವುದಿಲ್ಲ.

‘ಬಾವರ್ಚಿ’ (೧೯೭೨) ಇನ್ನೂ ಸ್ವಾರಸ್ಯವಾದದ್ದು. ಜಗಳವೇ ಉಸಿರಾದ ‘ಶಾಂತಿನಿವಾಸ’ವೆಂಬ ಮನೆಯ ಹಿರಿಯ ಮಗ ರಾಮನಾಥ, ಕಚೇರಿಯ ಗುಮಾಸ್ತ, ಸಂಜೆಯಾದರೆ ಗುಟುಕು ಹಾಕುವ ಚಟ. ಮನೆಯ ಯಜಮಾನ ಮುದುಕನಾಗಿ ಹರೀಂದ್ರನಾಥ ಚಟ್ಟೋಪಾಧ್ಯಾಯರು ಹಾಸಿಗೆಯಲ್ಲಿ ಕುಳಿತು ಅಬ್ಬರಿಸುತ್ತಿದ್ದರೆ, ಹಂಗಲ್ ಅವರಿಗೆ ಮುದುಕನೂ ಆಗಿ ಮಗನೂ ಆಗಬೇಕಾದ ಇಕ್ಕಟ್ಟು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ ಅಪ್ಪನಿಗೆ ಹೆದರುವ, ತಮ್ಮಂದಿರ ಮೇಲೆ ರೇಗುವ, ಒಳಗೊಳಗೇ ನಾಚುವ ಗುಮಾಸ್ತನನ್ನು ಅವರು ತೋರಿಸಿದರು. ಅವಿಭಕ್ತ ಕುಟುಂಬವನ್ನು ಕಂಡವರೆಲ್ಲ ಅಂಥ ಒಬ್ಬ ದೊಡ್ಡಪ್ಪನನ್ನು ಕಂಡಿರುತ್ತಾರೆ.

ಅದೇ ನಿರ್ದೇಶಕರ ‘ನಮಕ್ ಹರಾಮ್’ (೧೯೭೩) ಚಿತ್ರದಲ್ಲಿ ಅವರು ಗಿರಣಿ ಕಾರ್ಮಿಕರ ಮುಖಂಡ ಬಿಪಿನ್‌ಲಾಲ್. ಗಿರಣಿ ಮಾಲೀಕನ ಮಗ ಈ ಮುಖಂಡನನ್ನು ಅವಮಾನ ಮಾಡಿ ಕಡೆಗೆ ಕ್ಷಮೆ ಕೇಳಬೇಕಾಗುತ್ತದೆ. ಆ ಸೇಡಿಗಾಗಿ ಅವನ ಗೆಳೆಯ ಕೂಲಿಯ ವೇಷದಲ್ಲಿ ಗಿರಣಿ ಸೇರಿ, ಉಪಾಯದಿಂದ ಕಾರ್ಮಿಕರನ್ನು ಒಲಿಸಿಕೊಂಡು, ಮುಖಂಡನನ್ನು ಚುನಾವಣೆಯಲ್ಲಿ ಸೋಲಿಸುತ್ತಾನೆ. ರಾಜೇಶ್ ಖನ್ನಾ ಮತ್ತು ಅಮಿತಾಭ್ ಬಚ್ಚನ್ನರ ಗೆಳೆತನದ ಕಥೆಯೆಂದೇ ಈ ಚಿತ್ರವನ್ನು ಜನ ನೆನೆಯುತ್ತಾರೆ. ಆದರೆ ಆ ಗೆಳೆತನ ಒಡೆಯುವುದಕ್ಕೆ ಕಾರಣವಾದ ಸತ್ಯ ಬಿಪಿನ್‌ಲಾಲನಲ್ಲಿದೆ. ಸೋತ ಮುಖಂಡನ ಪ್ರಾಮಾಣಿಕತೆಯನ್ನೂ ಕೂಲಿಕಾರರ ಬಾಳನ್ನೂ ಹತ್ತಿರದಿಂದ ಕಂಡ ಮೇಲೆಯೇ ವೇಷ ಹಾಕಿ ಬಂದವನು ನಿಜವಾಗಿ ಅವರವನಾಗುವುದು. ಕಾರ್ಮಿಕ ಮುಖಂಡನೆಂದರೆ ಭಾಷಣಕಾರನೆಂದು ತಿಳಿದ ನಟನಾಗಿದ್ದರೆ ಇಲ್ಲಿ ಮುಷ್ಟಿಯೆತ್ತಿ ಕೂಗುತ್ತಿದ್ದ. ಹಂಗಲ್ ಅವರು ಮೆಲ್ಲಗೆ ಮಾತನಾಡುತ್ತಾರೆ. ನಿಜವಾದ ಸಭೆಗಳಲ್ಲಿ ಕುಳಿತು ಎದ್ದು ಬಂದವರಿಗೆ ಕೂಗುವ ಅಗತ್ಯ ಎಷ್ಟು ಕಡಮೆಯೆಂಬುದು ಗೊತ್ತಿರುತ್ತದೆ.

ಇನ್ನು ಪ್ರಕರಿಯ ಅಪ್ಪಟ ಉದಾಹರಣೆ. ೧೯೭೫ರ ‘ದೀವಾರ್’ ಚಿತ್ರದಲ್ಲಿ ಪೋಲೀಸ್ ಅಧಿಕಾರಿ ರವಿಗೆ ತನ್ನ ಅಣ್ಣನೇ ಕಳ್ಳಸಾಗಣೆಯ ದೊರೆಯೆಂದು ತಿಳಿದಿದೆ. ಕೈ ಮುಂದೆ ಬಾರದು. ಆ ಇಬ್ಬಂದಿಯ ನಡುವೆ, ಓಡುತ್ತಿರುವ ಹುಡುಗನೊಬ್ಬನ ಕಾಲಿಗೆ ಅವನು ಗುಂಡು ಹಾರಿಸುತ್ತಾನೆ. ಹುಡುಗ ಕದ್ದದ್ದು ರೊಟ್ಟಿ. ಪಶ್ಚಾತ್ತಾಪದಿಂದ ತಿನಿಸು ತೆಗೆದುಕೊಂಡು ರವಿ ಆ ಮನೆಗೆ ಹೋಗುತ್ತಾನೆ. ತಾಯಿ ಸಿಡಿದೇಳುತ್ತಾಳೆ: ದೊಡ್ಡ ಕಳ್ಳರನ್ನು ಬಿಟ್ಟು ಹಸಿದ ಮಗನ ಮೇಲೆ ಕೈಮಾಡಿದಿರಲ್ಲ ಎಂದು. ತಂದೆ ಅವಳನ್ನು ತಡೆಯುತ್ತಾನೆ. ಕಳವು ಚಿಕ್ಕದಾದರೂ ಕಳವೇ, ಹಸಿವು ಅದಕ್ಕೆ ಸಮಾಧಾನವಾಗಲಾರದು ಎಂಬರ್ಥದ ನಾಲ್ಕು ಮಾತು ಹೇಳುತ್ತಾನೆ. ಅವನು ನಿವೃತ್ತ ಉಪಾಧ್ಯಾಯ. ದೃಶ್ಯ ಕೆಲವೇ ನಿಮಿಷಗಳದು. ಅಲ್ಲಿಂದ ಹೊರಟ ರವಿ ಅಣ್ಣನ ವಿರುದ್ಧದ ಕೆಲಸವನ್ನು ಕೈಗೆತ್ತಿಕೊಳ್ಳುತ್ತಾನೆ. ಕಥೆ ಮತ್ತೆ ಹಿಂದಿರುಗದ ಹಾಗೆ ತಿರುಗುತ್ತದೆ. ಉಪಾಧ್ಯಾಯ ಮತ್ತೆ ಕಾಣಿಸುವುದಿಲ್ಲ.

ಈ ದೃಶ್ಯದ ಮಾತುಗಳನ್ನು ಕಾಗದದ ಮೇಲೆ ಓದಿದರೆ ನೀತಿಪಾಠದ ಹಾಗೆ ಕಾಣುವ ಅಪಾಯವಿದೆ. ಗುಂಡೇಟು ತಿಂದ ಮಗನ ತಂದೆ ಗುಂಡು ಹಾರಿಸಿದವನಿಗೆ ನ್ಯಾಯ ಹೇಳುವುದೆಂದರೆ, ನಟ ಸ್ವಲ್ಪ ತಪ್ಪಿದರೂ ಪ್ರೇಕ್ಷಕ ನಕ್ಕುಬಿಟ್ಟಾನು, ಇಲ್ಲವೆ ಸಿಟ್ಟಾದಾನು. ಹಂಗಲ್ ಅವರು ಅದನ್ನು ಉಪದೇಶವಾಗಿ ಆಡಲಿಲ್ಲ. ಹೆಂಡತಿಯ ಎದುರಿಗೂ ಅತಿಥಿಯ ಎದುರಿಗೂ ನಾಚಿಕೊಂಡ ಮನುಷ್ಯನಂತೆ ಆಡಿದರು. ಕಲಿಸಿದ್ದನ್ನು ತನ್ನ ಮನೆಯಲ್ಲೇ ಉಳಿಸಿಕೊಳ್ಳಲಾಗದ ಮೇಷ್ಟರ ಸಂಕಟ ಆ ದನಿಯಲ್ಲಿದೆ. ಆದ್ದರಿಂದ ಮಾತು ರವಿಗೆ ನಾಟುತ್ತದೆ, ನಮಗೂ ನಾಟುತ್ತದೆ. ಉಪಾಧ್ಯಾಯ ವೃತ್ತಿಯವನಾದ ನನಗೆ ಈ ದೃಶ್ಯದ ಬಗ್ಗೆ ಪಕ್ಷಪಾತವಿದ್ದೀತು. ಆದರೂ ಆ ಚಿತ್ರದ ಹೆಸರಾಂತ ಸಂಭಾಷಣೆಗಳಿಗಿಂತ ಇದು ಹೆಚ್ಚು ಭಾರವಾದ ತೂಕವನ್ನು ಹೊತ್ತಿದೆ ಎಂದೇ ನನ್ನ ಅಭಿಪ್ರಾಯ.

ಅದೇ ವರ್ಷದ ಆಗಸ್ಟಿನಲ್ಲಿ ‘ಶೋಲೆ’ ಬಂದಿತು. ಇಲ್ಲಿಯೇ ಕನ್ನಡನಾಡಿನ ಮೊದಲನೆಯ ನಂಟು: ಚಿತ್ರದ ರಾಮಗಡ ನಮ್ಮ ರಾಮನಗರದ ಬಂಡೆಗಳ ನಡುವೆ ಎದ್ದ ಹಳ್ಳಿ. ಆ ಹಳ್ಳಿಯ ಕುರುಡು ಇಮಾಮನಿಗೆ ಒಬ್ಬನೇ ಮಗ, ಅಹ್ಮದ್. ದುಡಿಮೆಗಾಗಿ ಜಬಲ್ಪುರಕ್ಕೆ ಹೊರಟ ಹುಡುಗನನ್ನು ಗಬ್ಬರ್ ಕೊಂದು ಹೆಣವನ್ನು ಕುದುರೆಯ ಮೇಲೆ ಹಳ್ಳಿಗೆ ಅಟ್ಟುತ್ತಾನೆ. ಜನ ನಿಂತಲ್ಲೇ ಕಲ್ಲಾಗುತ್ತಾರೆ. ಕುರುಡನಿಗೆ ಹೆಣ ಕಾಣದು. ಕೇಳಿಸುವುದು ಮೌನ ಮಾತ್ರ. ಇಷ್ಟೊಂದು ಸದ್ದಿಲ್ಲದಿರುವುದೇಕೆ ಎಂದು ಅವನು ಕೇಳುತ್ತಾನೆ. ಇದೇ ಈಗ ಅಣಕಕ್ಕೆ ಸಿಕ್ಕಿರುವ ಮಾತು. ದೃಶ್ಯದಲ್ಲಿ ಅದರ ಸ್ಥಾನವನ್ನು ಗಮನಿಸಬೇಕು. ಪ್ರೇಕ್ಷಕನಿಗೆ ತಿಳಿದಿದೆ, ಹಳ್ಳಿಗೆ ತಿಳಿದಿದೆ, ತಂದೆಗೆ ತಿಳಿದಿಲ್ಲ. ಕೇಳುವ ದನಿಯಲ್ಲಿ ಶೋಕವಿದ್ದರೆ ದೃಶ್ಯ ಕೆಟ್ಟಿತು; ಏಕೆಂದರೆ ಅವನಿಗಿನ್ನೂ ಶೋಕಕ್ಕೆ ಕಾರಣವಿಲ್ಲ. ಹಂಗಲ್ ಅವರು ಊರ ಹಿರಿಯನೊಬ್ಬ ದಿನವೂ ಕೇಳುವ ಕುಶಲದ ಪ್ರಶ್ನೆಯ ಹಾಗೆ, ಸ್ವಲ್ಪ ಅಚ್ಚರಿಯನ್ನು ಮಾತ್ರ ಬೆರೆಸಿ ಕೇಳುತ್ತಾರೆ. ನಮ್ಮವರು ಔಚಿತ್ಯವೆಂದು ಕರೆದದ್ದು ಇದನ್ನೇ.

ಆದರೆ ಜನ ಅಲ್ಲಿಗೇ ನಿಂತುಬಿಡುತ್ತಾರೆ. ದೃಶ್ಯ ಮುಂದುವರಿಯುತ್ತದೆ. ಹೆದರಿದ ಹಳ್ಳಿಗರು ಜಯ್ ಮತ್ತು ವೀರೂ ಇಬ್ಬರನ್ನೂ ಗಬ್ಬರನಿಗೆ ಒಪ್ಪಿಸಿಬಿಡೋಣ, ಈ ಹೊರೆಯನ್ನು ನಾವು ಹೊರಲಾರೆವು ಎನ್ನುತ್ತಾರೆ. ಆಗ ಮಾತನಾಡುವವನು ಹೆಣದ ಬಳಿ ಕುಳಿತ ತಂದೆ. ತಂದೆಯ ಹೆಗಲ ಮೇಲೆ ಮಗನ ಶವಕ್ಕಿಂತ ಭಾರವಾದ ಹೊರೆ ಲೋಕದಲ್ಲಿಲ್ಲ. ಅದನ್ನು ಈ ಮುದುಕ ಹೊತ್ತಾನಾದರೆ ನಿಮ್ಮ ಹೊರೆ ಯಾವ ದೊಡ್ಡದು ಎಂದು ಕೇಳುತ್ತಾನೆ. ಅಷ್ಟರಲ್ಲಿ ಬಾಂಗು ಕೇಳಿಸುತ್ತದೆ. ಹಳ್ಳಿಗಾಗಿ ಬಲಿಕೊಡಲು ಇನ್ನೆರಡು ಮಕ್ಕಳನ್ನೇಕೆ ಕೊಡಲಿಲ್ಲವೆಂದು ದೇವರನ್ನು ಕೇಳುತ್ತೇನೆಂದು ಹೇಳಿ, ಕೋಲೂರುತ್ತ ಮಸೀದಿಯ ಕಡೆಗೆ ನಡೆಯುತ್ತಾನೆ. ಇಡೀ ಹಳ್ಳಿಯಲ್ಲಿ ಆ ಹೊತ್ತಿಗೆ ಹೆದರದವನು ಅವನೊಬ್ಬನೆ. ಮೋಸಹೋದ ಸಾಧು ಮುದುಕನಿಗೂ ಇವನಿಗೂ ಏನು ಸಂಬಂಧ? ಹಳ್ಳಿ ಗಟ್ಟಿಯಾಗಿ ನಿಂತದ್ದು ಬಂದೂಕು ಹಿಡಿದ ಇಬ್ಬರಿಂದಲ್ಲ, ಈ ಕುರುಡನಿಂದ. ಕರಾಚಿಯ ಸೆರೆಮನೆಯನ್ನು ಕಂಡುಬಂದ ಕಾಶ್ಮೀರಿ ಪಂಡಿತನೊಬ್ಬ ಇಮಾಮನಾಗಿ ನಿಂತು ಇದನ್ನು ಹೇಳಿದಾಗ, ನೋಡಿದ ಕೋಟಿಗಟ್ಟಲೆ ಜನರಲ್ಲಿ ಒಬ್ಬರಿಗೂ ಅದು ವೇಷವೆನಿಸಲಿಲ್ಲ.

ಎರಡನೆಯ ನಂಟು ಮೈಸೂರಿನವರಾದ ಎಂ. ಎಸ್. ಸತ್ಯು ಅವರ ಮೂಲಕ. ಅವರ ‘ಗರ್ಮ್ ಹವಾ’ (೧೯೭೩) ದೇಶವಿಭಜನೆಯ ಮೇಲೆ ನಮ್ಮಲ್ಲಿ ಬಂದ ಚಿತ್ರಗಳಲ್ಲೆಲ್ಲ ಶ್ರೇಷ್ಠವಾದದ್ದೆಂದು ನನ್ನ ಎಣಿಕೆ. ಇಸ್ಮತ್ ಚುಗ್ತಾಯಿಯವರ ಕಥೆಯನ್ನು ಕೈಫಿ ಆಜ್ಮಿ, ಶಮಾ ಜೈದಿ ಇಬ್ಬರೂ ಚಿತ್ರಕಥೆಯಾಗಿಸಿದರು. ಆಗ್ರಾದ ಪಾದರಕ್ಷೆ ವ್ಯಾಪಾರಿ ಸಲೀಂ ಮಿರ್ಜಾ ದೇಶ ಬಿಡಲೊಲ್ಲ. ಅಣ್ಣ ಬಿಟ್ಟುಹೋದದ್ದರಿಂದ ಪಿತ್ರಾರ್ಜಿತ ಮನೆ ಕೈತಪ್ಪುತ್ತದೆ. ಆ ಮನೆಯನ್ನು ಪಡೆಯುವವನು ಸಿಂಧ್ ಪ್ರಾಂತದಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಅಜ್ಮಾನಿ. ಮಿರ್ಜಾ ಆಗಿ ಬಲರಾಜ್ ಸಾಹನಿ, ಅಜ್ಮಾನಿಯಾಗಿ ಹಂಗಲ್.

ಸಾಮಾನ್ಯ ಚಿತ್ರವಾಗಿದ್ದರೆ ಮನೆ ಕಸಿದವನು ಖಳನಾಗಬೇಕಾಗಿತ್ತು. ಅಜ್ಮಾನಿ ಖಳನಲ್ಲ, ಅವನೂ ಒಂದು ಮನೆಯನ್ನು ಆಚೆಗೆ ಬಿಟ್ಟು ಬಂದವನು. ಸಲೀಂ ಮಿರ್ಜಾನ ಎದುರು ನಿಂತಾಗ ಅವನ ನಡತೆಯಲ್ಲಿ ವ್ಯಾಪಾರಿಯ ಚುರುಕೂ ಇದೆ, ಒಬ್ಬ ನೊಂದವನು ಇನ್ನೊಬ್ಬ ನೊಂದವನ ಮುಂದೆ ತಗ್ಗುವ ಸಂಕೋಚವೂ ಇದೆ. ಮಿರ್ಜಾನ ಮುದಿ ತಾಯಿ ತಾನು ಸೊಸೆಯಾಗಿ ಬಂದ ಮನೆಯಲ್ಲೇ ಸಾಯಬೇಕೆಂದು ಹಂಬಲಿಸಿದಾಗ ಅಜ್ಮಾನಿ ಬಾಗಿಲನ್ನು ತೆರೆಯುತ್ತಾನೆ. ಅವನಿಗೆ ಇಲ್ಲಿ ದೊಡ್ಡ ಮಾತುಗಳಿಲ್ಲ. ಈ ಬಾಗಿಲು ತೆರೆಯುವ ಸೌಜನ್ಯಕ್ಕೆ ಬೆಲೆಯೇನೆಂಬುದನ್ನು ಬಲ್ಲವರು ಬಹಳ ಜನ ಇದ್ದಿರಲಾರರು. ಹಂಗಲ್ ಬಲ್ಲರು, ೧೯೪೯ರಲ್ಲಿ ಕರಾಚಿಯಿಂದ ಬರಿಗೈಯಲ್ಲಿ ಬಂದವರು ಅವರು. ಎದುರಿಗಿದ್ದ ಬಲರಾಜ್ ಸಾಹನಿಯವರೂ ರಾವಲ್ಪಿಂಡಿಯ ಕಡೆಯವರು, ಇಪ್ಟಾದ ಹಳೆಯ ಸಂಗಾತಿ. ಈ ಚಿತ್ರದ ಧ್ವನಿಮುದ್ರಣ ಮುಗಿಸಿದ ಮರುದಿನವೇ, ೧೯೭೩ರ ಏಪ್ರಿಲ್ ೧೩ರಂದು, ಸಾಹನಿ ತೀರಿಕೊಂಡರು. ಇಬ್ಬರು ನಿರಾಶ್ರಿತರು ಒಂದು ಮನೆಯ ಬಗ್ಗೆ ಮಾತನಾಡುವ ಆ ದೃಶ್ಯಗಳಲ್ಲಿ ಅಭಿನಯವೆಲ್ಲಿ ಮುಗಿದು ಬಾಳು ಎಲ್ಲಿ ಆರಂಭವಾಗುತ್ತದೆಂದು ಗೆರೆ ಎಳೆಯುವುದು ಕಷ್ಟ. ಹಂಗಲ್ ಅವರ ಅತ್ಯುತ್ತಮ ಪಾತ್ರ ಯಾವುದೆಂದು ಕೇಳಿದರೆ ನಾನು ಇದನ್ನೇ ಹೆಸರಿಸುತ್ತೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದೆ ಬಿಡುವುದು ವಿಮರ್ಶೆಯಾಗದು. ಹಂಗಲ್ ಅವರು ನಟಿಸಿದ ಚಿತ್ರಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ನಾವು ಮತ್ತೆ ನೋಡಬೇಕಾದವು ಹತ್ತೋ ಹದಿನೈದೋ. ಉಳಿದವುಗಳಲ್ಲಿ ಅದೇ ನಿವೃತ್ತ ಮೇಷ್ಟರು, ಅದೇ ನಿಷ್ಠಾವಂತ ಗುಮಾಸ್ತ, ಅದೇ ಹೆಣ್ಣಿನ ತಂದೆ. ಮೊದಲ ರೀಲಿನಲ್ಲಿ ಸತ್ತು ನಾಯಕನಿಗೆ ಸೇಡಿನ ಕಾರಣ ಒದಗಿಸುವುದೇ ಎಷ್ಟೋ ಕಡೆ ಅವರ ಕೆಲಸವಾಯಿತು. ಎಪ್ಪತ್ತರ ದಶಕ ಕಳೆದಂತೆ ದನಿಯ ನಡುಕವೂ ಒಂದು ಸಿದ್ಧವಸ್ತುವಾಯಿತು. ಈ ದೋಷದ ಹೆಚ್ಚಿನ ಪಾಲು ಚಿತ್ರೋದ್ಯಮದ್ದು. ಒಳ್ಳೆಯತನವನ್ನು ತೋರಿಸಬೇಕಾದಾಗ ಅದನ್ನು ಬರೆಯುವ ಶ್ರಮವನ್ನು ತಪ್ಪಿಸಿಕೊಂಡು ಹಂಗಲ್ ಅವರನ್ನು ಕರೆತಂದು ನಿಲ್ಲಿಸಿದರೆ ಸಾಕೆಂದು ಅದು ಬಗೆಯಿತು. ಹೊಟ್ಟೆಪಾಡಿಗಾಗಿ ದುಡಿಯುವ ನಟ ಬಂದ ಕೆಲಸವನ್ನು ಬೇಡವೆನ್ನಲಾರ. ಆದರೂ ಸ್ವಲ್ಪ ಹೆಚ್ಚು ಆಯ್ದುಕೊಂಡಿದ್ದರೆ ‘ಪಾಪದ ಮುದುಕ’ ಎಂಬ ಹಣೆಪಟ್ಟಿ ಇಷ್ಟು ಗಟ್ಟಿಯಾಗಿ ಅಂಟುತ್ತಿರಲಿಲ್ಲ.

ಆ ಪಟ್ಟಿಯ ಆಚೆಗೆ ಅವರಲ್ಲಿ ಎಷ್ಟಿತ್ತೆಂಬುದಕ್ಕೆ ಬಾಸು ಚಟರ್ಜಿಯವರ ‘ಶೌಕೀನ್’ (೧೯೮೨) ಸಾಕ್ಷಿ. ಅಶೋಕ್ ಕುಮಾರ್, ಉತ್ಪಲ್ ದತ್ತ, ಹಂಗಲ್: ಮೂವರು ಮುದುಕರು, ಮೂವರಿಗೂ ಇಳಿವಯಸ್ಸಿನಲ್ಲಿ ಹೆಣ್ಣಿನ ಚಪಲ, ಕಾರು ಮಾಡಿಕೊಂಡು ಗೋವಾಕ್ಕೆ ಹೊರಡುತ್ತಾರೆ. ಇಂದ್ರಸೇನನೆಂಬ ಹೆಸರನ್ನು ‘ಆ್ಯಂಡರ್ಸನ್’ ಎಂದು ಮಾಡಿಕೊಂಡು ಮೆರೆಯುವ ಠೀವಿಯ ಮುದುಕ ಹಂಗಲ್. ಶೋಲೆಯ ಇಮಾಮನನ್ನು ಕಂಡ ಜನ ಇದನ್ನು ಕಂಡು ಬೆಚ್ಚಿರಬೇಕು. ಆದರೆ ಇಲ್ಲಿಯೂ ಅವರು ಅಶ್ಲೀಲಕ್ಕೆ ಇಳಿಯಲಿಲ್ಲ. ತನ್ನ ವಯಸ್ಸನ್ನು ಒಪ್ಪಿಕೊಳ್ಳಲಾರದ ಗಂಡಸಿನ ನಗೆಪಾಟಲನ್ನು ನಿರ್ದಾಕ್ಷಿಣ್ಯವಾಗಿ, ಅಷ್ಟೇ ಮರುಕದಿಂದ ತೋರಿಸಿದರು. ಇಂಥ ಇನ್ನೂ ಹತ್ತು ಪಾತ್ರಗಳನ್ನು ಅವರಿಗೆ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ.

ಅವರ ಬಾಳಿನ ಕೊನೆಯ ಇಪ್ಪತ್ತು ವರ್ಷಗಳ ಕಥೆ ಕಹಿಯಾದದ್ದು. ಹುಟ್ಟಿ ಬೆಳೆದ ನೆಲದ ಮೇಲಿನ ಮಮತೆಯನ್ನು ಅವರು ಮುಚ್ಚಿಟ್ಟವರಲ್ಲ. ೧೯೯೩ರಲ್ಲಿ ಮುಂಬಯಿಯ ಪಾಕಿಸ್ತಾನಿ ದೂತಾವಾಸದಲ್ಲಿ ನಡೆದ ಆ ದೇಶದ ರಾಷ್ಟ್ರೀಯ ದಿನದ ಸಮಾರಂಭಕ್ಕೆ ಕರೆ ಬಂದಾಗ ಹೋಗಿಬಂದರು. ಶಿವಸೇನೆ ಅದನ್ನು ದ್ರೋಹವೆಂದು ಕರೆದು ಅವರ ಚಿತ್ರಗಳನ್ನು ಬಹಿಷ್ಕರಿಸಿತು. ನಿರ್ಮಾಪಕರು ಕೈಬಿಟ್ಟರು, ಪಾತ್ರಗಳು ಹೋದವು, ತೆಗೆದ ದೃಶ್ಯಗಳಿಗೂ ಕತ್ತರಿ ಬಿತ್ತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ, ಪಾಕಿಸ್ತಾನದ ಸೆರೆಮನೆಯಲ್ಲಿ ಕುಳಿತು ಬಂದ ಮನುಷ್ಯ ಎಪ್ಪತ್ತೈದು ಕಳೆದ ಮೇಲೆ ತನ್ನ ದೇಶಭಕ್ತಿಗೆ ಪ್ರಮಾಣ ಕೊಡಬೇಕಾಯಿತು! ಎಷ್ಟೋ ನಾಯಕರ ಹಿಂದೆ ನಿಂತು ಅವರ ದೃಶ್ಯಗಳನ್ನು ಗೆಲ್ಲಿಸಿದ ನಟನ ಹಿಂದೆ ಆ ಹೊತ್ತಿಗೆ ಉದ್ಯಮ ಗಟ್ಟಿಯಾಗಿ ನಿಲ್ಲಲಿಲ್ಲ. ‘ಶೋಲೆ’ಯ ಹಳ್ಳಿಗರು ಕುರುಡನ ಮಾತಿಗೆ ನಾಚಿ ತಲೆ ತಗ್ಗಿಸಿದ್ದರು. ನಿಜವಾದ ಊರು ತಲೆ ತಗ್ಗಿಸಲು ಸ್ವಲ್ಪ ತಡಮಾಡಿತು.

ಕಾಲ ಕಳೆದಂತೆ ಬಹಿಷ್ಕಾರ ಸಡಿಲಿತು. ‘ಲಗಾನ್’ನಲ್ಲಿ (೨೦೦೧) ಹಳ್ಳಿಯ ಶಂಭುಕಾಕನಾಗಿ ಹೊಸ ಪೀಳಿಗೆಯವರು ಅವರನ್ನು ಕಂಡರು. ೨೦೦೬ರಲ್ಲಿ ಪದ್ಮಭೂಷಣ ಬಂದಿತು. ಆದರೆ ೨೦೧೧ರ ಹೊತ್ತಿಗೆ ಔಷಧೋಪಚಾರಕ್ಕೂ ಹಣ ಸಾಲದೆಂಬ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸಿತು. ಚಿತ್ರರಂಗದ ಹಲವರು ಆಗ ನೆರವಾದರು. ನೆರವಾದದ್ದು ಒಳ್ಳೆಯದೇ. ಆದರೆ ನಾಲ್ಕು ದಶಕ ದುಡಿದ ನಟನ ಮುಪ್ಪು ಪತ್ರಿಕೆಯ ಸುದ್ದಿಯನ್ನೂ ಸಹೋದ್ಯೋಗಿಗಳ ಉದಾರತೆಯನ್ನೂ ಕಾಯಬೇಕಾಗಿ ಬಂದದ್ದು ಆ ಉದ್ಯಮಕ್ಕೆ ಗೌರವ ತರುವ ಮಾತಲ್ಲ. ನಾಯಕರ ಸಂಭಾವನೆ ಕೋಟಿಗಳಲ್ಲಿ ಏರುತ್ತಿದ್ದ ಕಾಲವದು. ಪ್ರಕರಿಯ ಪಾತ್ರಕ್ಕೆ ಸ್ವಂತ ಫಲವಿಲ್ಲವೆಂಬ ಲಕ್ಷಣ ನಾಟಕದ ಒಳಗೆ ಸರಿ. ಪಾತ್ರ ವಹಿಸಿದವನ ಕೂಲಿಗೂ ಅದನ್ನೇ ಅನ್ವಯಿಸಬೇಕೆಂದು ವಿಶ್ವನಾಥ ಎಲ್ಲಿಯೂ ಹೇಳಿಲ್ಲ.

ಒಟ್ಟಿನಲ್ಲಿ ಹಂಗಲ್ ಅವರ ಸಾಧನೆಯನ್ನು ಹೇಗೆ ಬೆಲೆಗಟ್ಟಬೇಕು? ಬಲರಾಜ್ ಸಾಹನಿಯವರ ವ್ಯಾಪ್ತಿ ಅವರಿಗಿರಲಿಲ್ಲ. ಉತ್ಪಲ್ ದತ್ತರ ವೈವಿಧ್ಯವೂ ಇರಲಿಲ್ಲ, ಅಥವಾ ಅದನ್ನು ತೋರಿಸಲು ಅವಕಾಶವಾಗಲಿಲ್ಲ. ಆದರೆ ಒಂದು ವಿಷಯದಲ್ಲಿ ಅವರಿಗೆ ಸಮಾನರು ವಿರಳ. ಒಳ್ಳೆಯ ಮನುಷ್ಯನನ್ನು ರಂಗದ ಮೇಲೆ ನಂಬುವಂತೆ ತೋರಿಸುವುದು ಕೆಟ್ಟವನನ್ನು ತೋರಿಸುವುದಕ್ಕಿಂತ ಕಠಿಣ. ಇದು ಕವಿಗಳಿಗೂ ಗೊತ್ತು, ನಟರಿಗೂ ಗೊತ್ತು. ಒಳ್ಳೆಯತನ ಬೇಗ ಉಪದೇಶವಾಗುತ್ತದೆ, ಇಲ್ಲವೆ ಬೆಪ್ಪುತನವಾಗುತ್ತದೆ. ಹಂಗಲ್ ಅವರ ಒಳ್ಳೆಯ ಪಾತ್ರಗಳಲ್ಲಿ ಅದು ಎರಡೂ ಆಗದೆ, ಕಸುಬುದಾರನ ಸ್ವಾಭಿಮಾನವಾಗಿ ನಿಂತಿತು. ಅಳತೆ ತಪ್ಪದೆ ಹೊಲಿದು, ಬಟ್ಟೆಯನ್ನು ಅದರ ಒಡೆಯನಿಗೆ ಕೊಟ್ಟು, ತಾನು ಅಂಗಡಿಯ ಮಬ್ಬಿನಲ್ಲಿ ಉಳಿಯುವ ದರ್ಜಿಯ ಸ್ವಾಭಿಮಾನವದು.

‘ದೀವಾರ್’ ಅಥವಾ ‘ಶೋಲೆ’ ಮತ್ತೊಮ್ಮೆ ನೋಡುವ ಸಂದರ್ಭ ಬಂದಾಗ ವಾಚಕರು ನಾಯಕರ ಮೇಲಿನ ಕಣ್ಣನ್ನು ಒಂದು ಐದು ನಿಮಿಷ ಈ ಮುದುಕನ ಕಡೆಗೆ ತಿರುಗಿಸಬೇಕೆಂದು ನನ್ನ ಬಿನ್ನಹ. ಸಾಧ್ಯವಾದರೆ ‘ಗರ್ಮ್ ಹವಾ’ವನ್ನೂ ನೋಡಲಿ, ಅದರಲ್ಲಿ ಅಜ್ಮಾನಿ ಮಾತನಾಡದೆ ನಿಲ್ಲುವ ಗಳಿಗೆಗಳನ್ನು ವಿಶೇಷವಾಗಿ ಗಮನಿಸಲಿ.